ಬ್ಯಾಕ್‌ವಾಟರ್‌ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಹೋಗಬೇಕು

ಫ್ಲೆಕ್ಸ್ ಅಂಗಡಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಇದೆ, ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಗೆ ಟೂರ್‌ನವರೊಬ್ಬರು ಬಂದಿದ್ದರು. ಶನಿವಾರ ರಾತ್ರಿ ಟಿಟಿಯಲ್ಲಿ ಹನ್ನೆರಡು ಜನರನ್ನು ಕೂರಿಸಿಕೊಂಡು ಇಲ್ಲಿಂದ ಹೊರಡುತ್ತಾರೆ. ಹರಿಹರ, ರಾಣೆಬೆನ್ನೂರು, ಹಾವೇರಿ, ಶಿರಸಿ, ಆಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ. ಭಾನುವಾರ ಅಘನಾಶಿನಿಯಲ್ಲಿ ದೋಣಿ, ಸಂಜೆ ಗೋಕರ್ಣ, ರಾತ್ರಿ ವಾಪಸ್. ಅದಕ್ಕೆ ಆರಡಿ ಅಗಲ, ನಾಲ್ಕಡಿ ಎತ್ತರದ ಒಂದು ಬೋರ್ಡ್ ಬೇಕು. ಅವರು ಕೊಟ್ಟ ಚೀಟಿಯಲ್ಲಿ ಇರೋದು ಇಷ್ಟು: ‘ಬ್ಯಾಕ್‌ವಾಟರ್ ಬೋಟಿಂಗ್, ಐಲ್ಯಾಂಡ್ ವಿಸಿಟ್, ಸನ್‌ಸೆಟ್ ಪಾಯಿಂಟ್.’

ಇದನ್ನೇ ಕನ್ನಡ ಅಕ್ಷರದಲ್ಲಿ ಹೊಡೆದು ದುಡ್ಡು ಇಸ್ಕೋಬಹುದಿತ್ತು. ಆದರೆ ಹೋಗುವಾಗ ಅವರೇ ಹೇಳಿದರು: ಈ ಸಲ ವಯಸ್ಸಾದವರು ಜಾಸ್ತಿ, ಅವರಿಗೂ ಅರ್ಥ ಆಗೋ ಹಾಗೆ ಬರೀರಿ ಅಂತ.

ಮೊದಲು ‘ಹಿನ್ನೀರು’ ಅಂತ ಹಾಕಿದೆ. ಅಮ್ಮ ನೋಡಿ, ‘ಯಾವ ಡ್ಯಾಂಗೆ ಹೋಗ್ತಾರಂತೆ?’ ಅಂದರು. ಅಲ್ಲಿಗೆ ಅದು ಹೋಯಿತು. ನಿಘಂಟು ತೆಗೆದರೆ ‘ಅಳಿವೆ’ ಸಿಕ್ಕಿತು, ಹೊಳೆ ಕಡಲು ಸೇರುವ ಜಾಗ ಅಂತ. ಅದನ್ನು ಹಾಕಿದರೆ ಅಂಗಡಿ ಹುಡುಗ, ‘ಅಣ್ಣಾ, ಇದು ಅಳಿಯ ಅಂತ ಆಗಬೇಕಿತ್ತಾ?’ ಅಂತ ಕೇಳಿದ. ಐಲ್ಯಾಂಡ್‌ಗೂ ಒಂದು ಪದ ಹೇಳಿ. ದ್ವೀಪ ಅಂದರೆ ನಮ್ಮ ಕಡೆ ಅಜ್ಜಿಯರಿಗೆ ಲಂಕೆ ಬಿಟ್ಟು ಬೇರೇನೂ ನೆನಪಾಗಲ್ಲ.

ಉದ್ದ ಪದ ಬೇಡ. ಅಕ್ಷರ ದೂರದಿಂದ ಕಾಣಬೇಕು.

ಕೋಟೆ ಕೆಳಗಿನವರು, ಚಿತ್ರದುರ್ಗ:

ಹಿನ್ನೀರು. ಕೇರಳದ ಟೂರ್ ಜಾಹೀರಾತುಗಳಲ್ಲೂ ಅದೇ ಇರುತ್ತದೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಕುಮಟಾದಿಂದ ಬಂದು ದಾವಣಗೆರೆಯಲ್ಲಿ ನೆಲೆಸಿದವರು:

ಏನಿದೆ ಅಂದರೆ, ತಪ್ಪಿದೆ.

ಹಿನ್ನೀರು ಅಂದರೆ ಕಟ್ಟೆಗೆ ತಡೆದು ಹಿಂದಕ್ಕೆ ನಿಂತ ನೀರು. ಭದ್ರಾ ಡ್ಯಾಮಿನ ಹಿಂದೆ ಇರೋದು ಹಿನ್ನೀರು. ಲಿಂಗನಮಕ್ಕಿಯದು ಹಿನ್ನೀರು. ದಾವಣಗೆರೆಯಿಂದ ಸಿಗಂದೂರಿಗೆ ಹೋಗುತ್ತಿದ್ದವರೆಲ್ಲ ಬಸ್ಸಿನ ಸಮೇತ ಲಾಂಚ್ ಹತ್ತಿ ದಾಟಿದ್ದು ಅದನ್ನೇ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು, ಆದರೆ ತಲೆಯಲ್ಲಿ ಕೂತ ಚಿತ್ರ ಅದೇ. ನಿಮ್ಮಮ್ಮ ಕೇಳಿದ್ದರಲ್ಲಿ ತಪ್ಪೇ ಇಲ್ಲ. ಆದರೆ ಅಘನಾಶಿನಿಗೆ ಘಟ್ಟದ ಮೇಲಿಂದ ಕಡಲವರೆಗೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಕಟ್ಟೆಯೇ ಇಲ್ಲದ ಮೇಲೆ ಹಿನ್ನೀರು ಎಲ್ಲಿಂದ ಬರಬೇಕು?

ಅಲ್ಲಿ ನೀರು ನಿಲ್ಲೋದಿಲ್ಲ. ದಿನಕ್ಕೆ ಎರಡು ಸಲ ಭರತಿ, ಎರಡು ಸಲ ಇಳಿತ. ಭರತಿಯಲ್ಲಿ ಉಪ್ಪುನೀರು ಹೊಳೆಯೊಳಗೆ ಮೈಲುಗಟ್ಟಲೆ ನುಗ್ಗುತ್ತದೆ. ಇಳಿತದಲ್ಲಿ ಕೆಸರು ಬಯಲಾಗುತ್ತದೆ. ಹೆಂಗಸರು ಬುಟ್ಟಿ ಹಿಡಿದು ಬಳಚು ಅನ್ನೋ ಚಿಪ್ಪುಮೀನು ಹೆಕ್ಕೋದು ಆಗಲೇ. ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೆಯುತ್ತದೆ. ಉಪ್ಪುನೀರು ನಿಂತರೂ ಸಾಯದ ಭತ್ತ ಅದು. ಇದನ್ನೆಲ್ಲ ಚಿತ್ರದುರ್ಗ ಕಡೆಯ ಮಾರಿಕಣಿವೆ ಡ್ಯಾಮಿನ ಲೆಕ್ಕದಲ್ಲಿ ಹಿನ್ನೀರು ಅಂದರೆ ಹೇಗೆ?

ಅಳಿವೆ ಅನ್ನಿ. ಕರಾವಳಿ ಉದ್ದಕ್ಕೂ ಇರುವ ಪದ ಅದು. ಮಂಗಳೂರಿನ ಪೇಪರ್ ತೆರೆದರೆ ‘ಅಳಿವೆ ಬಾಗಿಲು’ ಸಿಗುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು, 4,801 ಹೆಕ್ಟೇರ್. ಅದೇ ಸಲ ನಿಮ್ಮ ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿತು. ಹೆಸರಲ್ಲಿ ಸಮುದ್ರ, ಇರೋದು ಕೆರೆ. ಅದಕ್ಕೆ ಮಾತ್ರ ಯಾರೂ ತಕರಾರು ಮಾಡಲ್ಲ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಅಳಿವೆ ಸರಿ. ಯಾಕೆ ಸರಿ ಅನ್ನೋದನ್ನು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಅಳಿ ಧಾತು, ಮೇಲೆ ವೆ. ಹೊಳೆ ತನ್ನ ಹೆಸರು ಅಳಿದು ಕಡಲಾಗುವ ಜಾಗವೇ ಅಳಿವೆ. ಹಳಗನ್ನಡದಲ್ಲಿ ಇಲ್ಲಿ ಈಗ ಬಿಟ್ಟುಹೋದ ೞ ಅಕ್ಷರ ಇತ್ತು, ‘ಅೞಿ’ ಅನ್ನುವಲ್ಲೂ ಅದೇ ೞ. ಎರಡೂ ಕೂಡುತ್ತವೆ. ನಮ್ಮ ಮಾರಿಕಣಿವೆಯ ಕಣಿವೆಯಲ್ಲಿರುವ ‘ವೆ’ಯೂ ಇದೇ. ಎಷ್ಟು ಚೆಂದದ ಪದ ನೋಡಿ. ಇದನ್ನು ಬಿಟ್ಟು ನದೀಮುಖ ಅನ್ನೋದು ಸಂಸ್ಕೃತದ ಜೋಳಿಗೆಗೆ ಕೈ ಹಾಕಿದ ಹಾಗೆ. ಹಿನ್ನೀರು ನೋಡೋಕೆ ಅಚ್ಚಗನ್ನಡ, ಒಳಗಿರೋದು ಇಂಗ್ಲಿಷ್. ಹಿಂದೆ ಒಂದು, ನೀರು ಒಂದು, ಬಿಡಿಸಿ ಇಟ್ಟಿದ್ದಾರೆ ಅಷ್ಟೆ. ಬೋಟಿಂಗ್ ಬಗ್ಗೆ ನಾನು ಮಾತೇ ಆಡಲ್ಲ.

ಇನ್ನೊಂದು. ಮೇಲಿನವರು ಭರತಿ ಅಂದಿದ್ದಾರೆ. ಅದು ಮರಾಠಿ. ಕನ್ನಡದಲ್ಲಿ ಉಬ್ಬರ ಇದೆ. ಇದ್ದದ್ದನ್ನು ಬಿಟ್ಟು ಸಾಲ ತರೋದು ಯಾಕೆ?

ಭಾಷಾಂತರ ಮಾಡುವವರು, ದಾವಣಗೆರೆ:

ಮೇಷ್ಟ್ರೇ, ಕಣಿವೆಯ ‘ವೆ’ ಇದೇ ಆದರೆ ಅಲ್ಲಿ ಅಳಿಯೋದು ಏನು? ಕಣಿಯಾ?

ೞ ಇದ್ದ ಮಾತ್ರಕ್ಕೆ ಎರಡು ಪದ ಒಂದೇ ಬೇರಿನವು ಆಗಲ್ಲ. ಮಲಯಾಳದಲ್ಲಿ ಅೞಿಮುಖ ಅಂತಾರೆ. ಬರೀ ಅೞಿ ಅಂದರೂ ಹೊಳೆಬಾಯಿಯೇ. ಸಾಯೋ ಬಾಯಿ ಅಂತ ಅಲ್ಲಿ ಯಾರೂ ಅರ್ಥ ಮಾಡೋದಿಲ್ಲ. ಹೊಳೆ ಸಾಯುತ್ತದೆ ಅನ್ನೋದು ಕವಿತೆಗೆ ಚೆಂದ, ಪದದ ಮೂಲಕ್ಕೆ ಸಾಲದು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ವೇದಾವತಿ ಕಡಲನ್ನೇ ನೋಡಲ್ಲ. ತುಂಗಭದ್ರೆಗೆ ಸೇರಿ, ತುಂಗಭದ್ರೆ ಕೃಷ್ಣೆಗೆ ಸೇರಿ, ಆಮೇಲೆ ಎಲ್ಲೋ ಆಂಧ್ರದ ಆ ತುದಿಯಲ್ಲಿ ಬಂಗಾಳಕೊಲ್ಲಿ. ನಮಗೆ ಗೊತ್ತಿರೋದು ಕೂಡಲಿ, ಅಂದರೆ ಹೊಳೆಗೆ ಹೊಳೆ ಸೇರೋ ಜಾಗ. ಅಳಿವೆ ಇಲ್ಲದ ಊರಿನಲ್ಲಿ ಕೂತು ಅಳಿವೆಗೆ ವ್ಯುತ್ಪತ್ತಿ ಕಟ್ಟುತ್ತಿದ್ದೇವೆ.

ಕುಮಟಾದಿಂದ ಬಂದು ದಾವಣಗೆರೆಯಲ್ಲಿ ನೆಲೆಸಿದವರು:

ಭರತಿ ಮರಾಠಿಯಂತೆ. ಆಗಲಿ ಮೇಷ್ಟ್ರೇ, ಒಪ್ಪಿದೆ. 2022ರಲ್ಲಿ ಮಾರಿಕಣಿವೆ ತುಂಬಿ ಕೋಡಿ ಬಿತ್ತಲ್ಲ, 1933 ಬಿಟ್ಟರೆ ಅದೇ ಎರಡನೇ ಸಲ, 89 ವರ್ಷದ ಮೇಲೆ. ಆಗ ನೀವೆಲ್ಲ ಏನಂದಿರಿ? ‘ಡ್ಯಾಂ ಭರ್ತಿ ಆಯ್ತು’ ಅಂದಿರಿ. ಆ ಭರ್ತಿಯೂ ಈ ಭರತಿಯೂ ಒಂದೇ ಮನೆಯವು. ನಿಮ್ಮ ಕೆರೆಗೆ ಆದರೆ ಕನ್ನಡ, ನಮ್ಮ ಕಡಲಿಗೆ ಆದರೆ ಸಾಲವಾ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ನಾನು ಭರ್ತಿ ಅನ್ನಲ್ಲ. ತುಂಬಿತು ಅನ್ನುತ್ತೇನೆ.

ಕೋಟೆ ಕೆಳಗಿನವರು, ಚಿತ್ರದುರ್ಗ:

ಭಾಗಿನ ಕೊಡೋಕೆ ಹೋದಾಗ ನಾನು ಪಕ್ಕದಲ್ಲೇ ಇದ್ದೆ ಸರ್. ಭರ್ತಿ ಅಂದಿರಿ.

ಬಸ್ಸಿನಲ್ಲೇ ಸುತ್ತುವವರು, ಹರಿಹರ:

ಕೋಡಿ ಅಂದಿದ್ದಕ್ಕೆ ನೆನಪಾಯಿತು. ಒಂದು ಸಲ ಕುಂದಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದವರು ಮಕ್ಕಳನ್ನು ಕೋಡಿಗೆ ಕರೆದುಕೊಂಡು ಹೋಗುತ್ತೇವೆ ಅಂದರು. ನಮ್ಮ ಕಡೆ ಕೋಡಿ ಅಂದರೆ ಕೆರೆಯ ಹೆಚ್ಚಿನ ನೀರು ಹೊರಗೆ ಬೀಳುವ ಜಾಗ. ಸೂಳೆಕೆರೆ ಕೋಡಿ ನೋಡಿ ಬೆಳೆದವನು ನಾನು. ‘ಯಾವ ಕೆರೆದು?’ ಅಂತ ಕೇಳಿದೆ. ‘ಎಂತ ಕೆರೆ ಮಾರಾಯ್ರೆ, ಅಲ್ಲಿಪ್ಪುದು ಸಮುದ್ರ’ ಅಂದರು. ಹೋಗಿ ನೋಡಿದರೆ ಹೊಳೆ ಮತ್ತು ಕಡಲಿನ ನಡುವೆ ಚಾಚಿಕೊಂಡ ಮರಳಿನ ಮೂತಿ. ಉಡುಪಿ ಕಡೆ ಕೋಡಿ ಬೆಂಗ್ರೆಯೂ ಹಾಗೇ ಇದೆ. ಕೋಡು, ತುದಿ, ಅಂಚು, ಯಾವುದಾದರೂ ಹೊಂದುತ್ತದೆ. ಕೆರೆಯ ಕೋಡಿಯೂ ಏರಿಯ ತುದಿಯಲ್ಲೇ ಇರುತ್ತದಲ್ವಾ?

ಐಲ್ಯಾಂಡ್‌ಗೆ ಇಷ್ಟು ಒದ್ದಾಟ ಬೇಡ. ಅಘನಾಶಿನಿಯಲ್ಲಿ ಐಗಳಕುರ್ವೆ ಇದೆ. ಹೊನ್ನಾವರದ ಶರಾವತಿಯಲ್ಲಿ ಮಾವಿನಕುರ್ವೆ ಇದೆ. ಹೊಳೆ ನಡುವಿನ ನೆಲವೇ ಕುರ್ವೆ. ಕುಂದಾಪುರ, ಉಡುಪಿ ಕಡೆ ಅದನ್ನೇ ಕುದ್ರು ಅನ್ನುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯ ಹೊನ್ನಾಳಿ ಕಡೆ ತುಂಗಭದ್ರೆ ದಂಡೆಗೆ ಕುರುವ ಅಂತಲೇ ಊರಿದೆ. ಹಳೆಗನ್ನಡದ ಕುರುವ ಘಟ್ಟದ ಕೆಳಗೂ ಉಳಿದಿದೆ, ನಮ್ಮಲ್ಲೂ ಉಳಿದಿದೆ. ನಾವು ಮಾತ್ರ ಮರೆತು ನಡುಗಡ್ಡೆ, ದ್ವೀಪ ಅಂತ ಓದಿಕೊಂಡು ಬಂದೆವು.

ಫ್ಲೆಕ್ಸ್ ಅಂಗಡಿ, ದಾವಣಗೆರೆ:

ಕುರ್ವೆ ಚೆನ್ನಾಗಿದೆ. ಹೊನ್ನಾಳಿ ಕಡೆ ಸಂಬಂಧ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಗೊತ್ತಾಗುತ್ತದೆ. ಅದು ಮುಗೀತು. ಬ್ಯಾಕ್‌ವಾಟರ್ ಇನ್ನೂ ಅಲ್ಲೇ ನಿಂತಿದೆ. ರಾತ್ರಿ ಒಂಬತ್ತೂವರೆ ಆಯಿತು.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಅಳಿವೆ ಅಂತ ಹಾಕಿ. ಜನ ಕಲಿಯಲಿ. ಪದ ಗೊತ್ತಿಲ್ಲ ಅಂತ ಬಿಡುತ್ತಾ ಹೋದರೆ ಕೊನೆಗೆ ಉಳಿಯೋದು ನಿಮ್ಮ ಫ್ಲೆಕ್ಸ್ ಒಂದೇ.

ಭಾಷಾಂತರ ಮಾಡುವವರು, ದಾವಣಗೆರೆ:

ಟೂರ್ ಬೋರ್ಡು ಪಾಠಶಾಲೆ ಅಲ್ಲ ಸರ್. ಅದನ್ನು ನೋಡಿ ಜನ ದುಡ್ಡು ಕೊಡಬೇಕು. ಬೋಟಿಂಗ್ ಅಂದರೆ ಹಳೇ ಊರಿನ ಅಜ್ಜಿಗೂ ಗೊತ್ತು. ನೌಕಾವಿಹಾರ ಅಂದರೆ ಮೊಮ್ಮಗನನ್ನು ಕೇಳುತ್ತಾರೆ. ಅವನಿಗೂ ಗೊತ್ತಿರಲ್ಲ. ಬಂದರು ಪಾರಸಿಯಿಂದ ಬಂತು, ಅದನ್ನು ಈಗ ಯಾರಾದರೂ ಹೊರಗೆ ಹಾಕುತ್ತಾರಾ? ಲಾಂಚ್ ಅನ್ನೋದನ್ನು ಸಾಗರದ ಕಡೆ ಹಳ್ಳಿಯವರು ಎಷ್ಟು ವರ್ಷ ಬಾಯ್ತುಂಬ ಅಂದರು. ನೀರಿನ ಮೇಲೆ ಓಡಾಡುವ ಪದಗಳು ದಡ ದಾಟಿ ಬರುತ್ತಲೇ ಇರುತ್ತವೆ. ತಡೆಯೋಕೆ ಕಟ್ಟೆ ಕಟ್ಟಿದರೆ ಆಗ ಸಿಗೋದು ಹಿನ್ನೀರೇ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಚಾತುರ್ಯ ಉತ್ತರ ಅಲ್ಲ. ದೋಣಿ ಇರುವಾಗ ಬೋಟು ಯಾಕೆ?

ಕೋಟೆ ಕೆಳಗಿನವರು, ಚಿತ್ರದುರ್ಗ:

ದೋಣಿಯೇ ದ್ರೋಣಿಯಿಂದ ಬಂದದ್ದು ಅನ್ನುವವರು ಇದ್ದಾರೆ. ಇಲ್ಲ, ದ್ರೋಣಿಯೇ ದೋಣಿಯಿಂದ ಹೋದದ್ದು ಅನ್ನುವವರೂ ಇದ್ದಾರೆ. ಅಲ್ಲಿಗೆ ಹೋಗೋದು ಬೇಡ, ಬೆಳಗಾಗುತ್ತದೆ. ಅಪ್ಪಟ ನಮ್ಮದೇ ಬೇಕಾದರೆ ಹರಿಗೋಲು ಇದೆ, ಅಘನಾಶಿನಿಗೆ ಒಂದು ತಗೊಂಡು ಹೋಗಿ.

ತವರು ಹರಿಹರ, ಗಂಡನ ಮನೆ ತದಡಿ ಹತ್ತಿರ:

ತಡವಾಗಿ ನೋಡಿದೆ. ಮಕ್ಕಳಿಗೆ ಊಟ ಹಾಕಿ ಅತ್ತೆಗೆ ಫೋನ್ ಮಾಡಿದೆ. ಅವರ ಮನೆ ಬಾಗಿಲು ತೆರೆದರೆ ಎದುರಿಗೇ ಆ ನೀರು. ‘ಅತ್ತೆ, ಬ್ಯಾಕ್‌ವಾಟರ್‌ಗೆ ಏನಂತೀರಿ?’ ಅಂತ ಕೇಳಿದೆ. ‘ಅದೆಂತದು?’ ಅಂದರು. ‘ನಮ್ಮ ಮನೆ ಮುಂದೆ ಇದೆಯಲ್ಲ, ಆ ನೀರು’ ಅಂದೆ. ‘ಹೊಳೆ ಅಲ್ವೇನೇ?’ ಅಂದರು. ಆಮೇಲೆ ಹುಷಾರಿದ್ದೀಯಾ ಅಂತ ಎರಡು ಸಲ ಕೇಳಿದರು.

ಅಷ್ಟೇ. ಅಲ್ಲಿ ಅದು ಹೊಳೆ. ಭರತಿ ಇದ್ದರೂ ಹೊಳೆ, ಇಳಿತ ಇದ್ದರೂ ಹೊಳೆ, ಉಪ್ಪಾದರೂ ಹೊಳೆ. ಅಳಿವೆ ಅನ್ನೋದು ಅದರ ಬಾಯಿಗೆ ಮಾತ್ರ, ಕಡಲು ಸೇರುವ ಜಾಗಕ್ಕೆ. ಮೀನಿಗೆ ಹೋಗುವವರು ‘ಅಳಿವೆ ದಾಟಿ ಹೋದರು’ ಅನ್ನುತ್ತಾರೆ. ಮನೆ ಮುಂದಿನ ನೀರಿಗೆ ಅಳಿವೆ ಅಂದದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಕೇಳಿಲ್ಲ. ಕುಮಟಾದ ಅಣ್ಣನವರು ಪುಸ್ತಕ ಜಾಸ್ತಿ ಓದಿದ್ದಾರೆ ಅನ್ನಿಸುತ್ತದೆ, ಸಿಟ್ಟಾಗಬೇಡಿ.

ನನಗೆ ಅನ್ನಿಸಿದ್ದು: ಹಡಗಿನಲ್ಲಿ ಬಂದವರಿಗೆ ಅದು ಹಿಂದಿನ ನೀರು. ಅತ್ತೆಗೆ ಅದು ಮುಂದಿನ ನೀರು. ಅವರು ಯಾಕೆ ಅದಕ್ಕೆ ಬೇರೆ ಹೆಸರು ಇಡಬೇಕು? ಹರಿಹರದಲ್ಲಿ ನಮ್ಮಪ್ಪನೂ ತುಂಗಭದ್ರೆಗೆ ಹೊಳೆ ಅಂತಲೇ ಅನ್ನೋದು. ‘ಹೊಳೆಗೆ ಹೋಗಿ ಬರ್ತೀನಿ’ ಅಂದರೆ ಯಾವ ಹೊಳೆ ಅಂತ ಯಾರೂ ಕೇಳಲ್ಲ.

ಕುಮಟಾದಿಂದ ಬಂದು ದಾವಣಗೆರೆಯಲ್ಲಿ ನೆಲೆಸಿದವರು:

ತಂಗೀ, ಸಿಟ್ಟಿಲ್ಲ. ಮೇಲೆ ನಾನೇ ‘ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ’ ಅಂತ ಬರೆದಿದ್ದೇನೆ. ಬರೆದು, ಮುಂದಿನ ಸಾಲಲ್ಲೇ ಅದಕ್ಕೆ ಹೆಸರು ಹುಡುಕಿದ್ದೇನೆ. ಇಲ್ಲಿ ಇಪ್ಪತ್ತು ವರ್ಷ ಮಂಡಕ್ಕಿ ತಿಂದದ್ದರ ಫಲ ಇರಬೇಕು.

ಫ್ಲೆಕ್ಸ್ ಅಂಗಡಿ, ದಾವಣಗೆರೆ:

ಮೇಡಂ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬೋರ್ಡ್ ಹೀಗೆ ಮಾಡಿದೆ. ಮೇಲೆ ದೊಡ್ಡದಾಗಿ ‘ಹೊಳೆಯಲ್ಲಿ ದೋಣಿ’. ಅದರ ಕೆಳಗೆ ಸ್ವಲ್ಪ ಸಣ್ಣದಾಗಿ ‘ಅಳಿವೆವರೆಗೆ ಹೋಗಿ ಬರೋಣ, ಹೊಳೆ ಕಡಲು ಸೇರೋದನ್ನು ನೋಡೋಣ’. ಹಾಗಾಗಿ ಅಳಿವೆ ಅಂದರೇನು ಅಂತ ಯಾರೂ ಕೇಳಬೇಕಿಲ್ಲ, ಮೇಷ್ಟ್ರ ಆಸೆಯೂ ಆಯಿತು. ಮೂರನೇ ಸಾಲು ‘ಕುರ್ವೆಯಲ್ಲಿ ಮಧ್ಯಾಹ್ನದ ಊಟ’. ಸನ್‌ಸೆಟ್ ಪಾಯಿಂಟ್ ತೆಗೆದು ‘ಗೋಕರ್ಣದಲ್ಲಿ ಸಂಜೆ’ ಅಂತ ಹಾಕಿದೆ. ಸೂರ್ಯ ಹೇಗೂ ಮುಳುಗುತ್ತಾನೆ, ಅದಕ್ಕೆ ಪಾಯಿಂಟ್ ಬೇಕಿಲ್ಲ.

ಅಮ್ಮ ಓದಿದರು. ಡ್ಯಾಂ ಬಗ್ಗೆ ಕೇಳಲಿಲ್ಲ. ‘ಊಟಕ್ಕೆ ಕುಚ್ಚಲಕ್ಕಿನೋ ಏನೋ, ನಮಗೆ ಆಗುತ್ತಾ?’ ಅಂತ ಮಾತ್ರ ಕೇಳಿದರು. ಟೂರ್‌ನವರಿಗೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಒಪ್ಪಿದರು. ಆದರೆ ‘ಮೂಲೆಯಲ್ಲಿ ಎಲ್ಲಾದರೂ ಬೋಟಿಂಗ್ ಅಂತ ಒಂದು ಹಾಕಿಬಿಡಿ, ಇಲ್ಲದಿದ್ದರೆ ಹುಡುಗರು ಬರಲ್ಲ’ ಅಂದರು. ಹಾಕಿದ್ದೇನೆ. ಹಳದಿ ಬಣ್ಣದಲ್ಲಿ, ಬಿಳಿ ಮೇಲೆ. ದೂರಕ್ಕೆ ಕಾಣಲ್ಲ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಬೋರ್ಡ್ ಮುಗಿಯಿತು, ಸರಿ. ಕಣಿವೆಯ ‘ವೆ’ ಮುಗಿದಿಲ್ಲ. ಕಣಿ ಅಂದರೆ ಏನು ಅಂತ ನಾಳೆ ಬರೆಯುತ್ತೇನೆ. ಅಲ್ಲಿಯವರೆಗೆ ಯಾರೂ ತೀರ್ಮಾನಕ್ಕೆ ಬರಬೇಡಿ.