ಆರು ಅಡಿಯ ಅಕ್ವೇರಿಯಂ ಸ್ವಂತ ಕೈಯಿಂದ ಕಟ್ಟುವವರಿಗೆ ನನ್ನ ಅನುಭವ

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮೊದಲ ಮಹಡಿಯ ಹಾಲ್‌ನಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಎತ್ತರದ ಸಿಹಿನೀರಿನ ಅಕ್ವೇರಿಯಂ. ಗಾಜು ಅಂಟಿಸುವುದು, ಸ್ಟ್ಯಾಂಡ್, ಫಿಲ್ಟರ್ ಎಲ್ಲವನ್ನೂ ನೀವೇ ಮಾಡಬೇಕೆಂಬ ಆಸೆ. ಮಾಡಿ ನೋಡಿದವರು ಎಲ್ಲಿಂದ ಶುರು ಮಾಡಿದಿರಿ, ಯಾವುದರ ಮೇಲೆ ಕಣ್ಣಿಡಬೇಕು ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿರುವುದೂ ಆರು ಅಡಿಯದೇ, ನಾನೇ ಅಂಟಿಸಿದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ಮಾತು: ಎತ್ತರ ಇಳಿಸಿ. 3 ಅಡಿ ಬೇಡ, 2 ಸಾಕು. ಉಳಿದ ಜಾಗವನ್ನು ಅಗಲಕ್ಕೆ ಕೊಡಿ, ಎರಡೂವರೆ ಅಡಿ ಮಾಡಿ. ನೀವು ಈಗ ನೋಡುತ್ತಿರುವುದು ಮುಂದಿನಿಂದ ಹೇಗೆ ಕಾಣುತ್ತದೆ ಅಂತ. ಆದರೆ ದಿನವೂ ಬದುಕಬೇಕಾಗಿರುವುದು ಮೇಲಿನಿಂದ ಕೈ ಹಾಕುವುದರ ಜೊತೆ. ಭುಜದಿಂದ ಬೆರಳ ತುದಿಯವರೆಗೆ ನಮ್ಮ ತೋಳು ಸುಮಾರು ಎರಡೂವರೆ ಅಡಿ. 3 ಅಡಿಯ ಟ್ಯಾಂಕಿನಲ್ಲಿ ತಳದ ಮರಳು ಕೈಗೆ ಎಟುಕುವುದಿಲ್ಲ. ಬಿದ್ದ ಗಿಡ ನೆಡಬೇಕು, ಸತ್ತ ಮೀನು ತೆಗೆಯಬೇಕು, ಮೂಲೆಯ ಪಾಚಿ ಉಜ್ಜಬೇಕು. ಪ್ರತಿ ಸಲ ಸ್ಟೂಲ್ ಹತ್ತಿ ಉದ್ದ ಇಕ್ಕಳ ಹಿಡಿದು ಕಸರತ್ತು. ನಾನು ನೋಡಿದ ಎತ್ತರದ ಟ್ಯಾಂಕುಗಳೆಲ್ಲ ಪಾಳು ಬಿದ್ದದ್ದು ಈ ಕಾರಣಕ್ಕೇ, ಗಾಜು ಒಡೆದು ಅಲ್ಲ.

ಇನ್ನೊಂದು ಲೆಕ್ಕವೂ ಇದೆ. ಗಾಜಿನ ಮೇಲಿನ ಒತ್ತಡ ಎಷ್ಟು ಲೀಟರ್ ನೀರಿದೆ ಅನ್ನುವುದರ ಮೇಲೆ ನಿಂತಿಲ್ಲ, ಎಷ್ಟು ಆಳ ಇದೆ ಅನ್ನುವುದರ ಮೇಲೆ ನಿಂತಿದೆ. 60 ಸೆಂ.ಮೀ. ನೀರಿದ್ದರೆ ಆರು ಅಡಿ ಉದ್ದದ ಮುಂದಿನ ಗಾಜನ್ನು ಒಟ್ಟು ಸುಮಾರು 330 ಕೆ.ಜಿ. ಭಾರದಷ್ಟು ಬಲ ಹೊರಗೆ ತಳ್ಳುತ್ತದೆ. ಅದೇ 90 ಸೆಂ.ಮೀ. ಆದರೆ 740 ಕೆ.ಜಿ. ಎತ್ತರ ಒಂದೂವರೆ ಪಟ್ಟು, ಬಲ ಎರಡೂಕಾಲು ಪಟ್ಟು. ಅಗಲ ಎಷ್ಟೇ ಹೆಚ್ಚಿಸಿದರೂ ಆ ಗಾಜಿಗೆ ಒಂದು ಗ್ರಾಂ ಕೂಡ ಜಾಸ್ತಿ ಆಗುವುದಿಲ್ಲ. ಮೀನಿಗೂ ಅಗಲವೇ ಬೇಕು. ಅವು ಅಡ್ಡಡ್ಡ ಈಜುತ್ತವೆ, ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಿಂದ.

ಇನ್ನು ನೆಲ. 6 × 2.5 × 2 ಅಡಿ ಅಂದರೆ ಸುಮಾರು 850 ಲೀಟರ್. ಗಾಜು, ಮರಳು, ಸ್ಟ್ಯಾಂಡ್, ಅದರೊಳಗೆ ಕೂರುವ ಸಂಪ್ (ಫಿಲ್ಟರ್ ಮತ್ತು ಪಂಪ್ ಇರುವ ಗಾಜಿನ ತೊಟ್ಟಿ) ಎಲ್ಲ ಸೇರಿದರೆ 1200 ಕೆ.ಜಿ. ದಾಟುತ್ತದೆ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಆಸುಪಾಸಿನ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ನಿಮ್ಮ ಟ್ಯಾಂಕ್ ನಿಲ್ಲುವ ಜಾಗದಲ್ಲಿ ಅದು 850ರ ಮೇಲೆ ಹೋಗುತ್ತದೆ. ಸ್ಲ್ಯಾಬ್ ಭಾರವನ್ನು ಸುತ್ತಲೂ ಹಂಚುತ್ತದೆ ನಿಜ. ಹಾಗಂತ ಅಂದಾಜಿನ ಮೇಲೆ ಇಡಬೇಡಿ. ಮನೆಯ ನಕ್ಷೆ ಹಿಡಿದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ. ಬೀಮ್ ಎಲ್ಲಿದೆ, ಪಿಲ್ಲರ್ ಎಲ್ಲಿದೆ ನೋಡಿ ಅವರು ಜಾಗ ಹೇಳಲಿ. ಅಲ್ಲೇ ಇಡಿ, ಸೋಫಾದ ಎದುರು ಬರದಿದ್ದರೂ ಸರಿ.

ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ಹಾಕಿದರೆ ತೆಳುವಾದದ್ದೇ ಸಾಕು ಅಂತ ಒಬ್ಬರು ನಿಮಗೆ ಹೇಳಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಟಫನ್ಡ್ ಗಾಜು ಒಡೆಯುವುದಕ್ಕೆ ಜಾಸ್ತಿ ಬಲ ಬೇಕು, ಸರಿ. ಆದರೆ ಬಾಗುವುದರಲ್ಲಿ ಅದಕ್ಕೂ ಮಾಮೂಲಿ ಗಾಜಿಗೂ ವ್ಯತ್ಯಾಸವಿಲ್ಲ. ತೆಳುವಾದಷ್ಟೂ ಹೆಚ್ಚು ಬಾಗುತ್ತದೆ, ಆ ಎಳೆತವೆಲ್ಲ ಸಿಲಿಕೋನ್ ಜಾಯಿಂಟಿಗೆ ಬರುತ್ತದೆ. ಟಫನ್ ಮಾಡಿದ ಮೇಲೆ ತೂತು ಕೊರೆಯಲೂ ಆಗುವುದಿಲ್ಲ. ಅಂಚಿಗೆ ಜೋರಾಗಿ ಏಟು ಬಿದ್ದರೆ ಇಡೀ ಹಾಳೆ ಒಂದೇ ಕ್ಷಣಕ್ಕೆ ಪುಡಿ. ಮಾಮೂಲಿ ಫ್ಲೋಟ್ ಗಾಜೇ ತನ್ನಿ. ಈ ಅಳತೆಗೆ, ಮೇಲಂಚಿನಲ್ಲಿ ಸುತ್ತಲೂ ಗಾಜಿನ ಪಟ್ಟಿ ಕೂರಿಸಿದರೆ, 12 ಮಿ.ಮೀ. ಹಾಕುವವರು ತುಂಬಾ ಜನ. ನಾನು 15 ಹಾಕಿದೆ, ಕೆಳಗೆ ಇನ್ನೊಂದು ಸಂಸಾರ ವಾಸ ಇರುವಾಗ ನೀವೂ ಅದನ್ನೇ ಹಾಕಿ. ಅಂಚುಗಳನ್ನು ಕತ್ತರಿಸುವ ಕಡೆಯೇ ಪಾಲಿಶ್ ಮಾಡಿಸಿ. ಮನೆ ಬಾಗಿಲು, ಮೆಟ್ಟಿಲ ತಿರುವು ಅಳೆಯುವುದು ಮರೆಯಬೇಡಿ. ಅಂಟಿಸಿದ ಟ್ಯಾಂಕ್ ಒಳಗೆ ಬರದಿದ್ದರೆ ಹಾಲ್‌ನಲ್ಲೇ ಅಂಟಿಸಬೇಕು.

ಸಿಲಿಕೋನ್ ವಿಷಯದಲ್ಲಿ ಆತುರ ಬೇಡ. ವಿನೆಗರ್ ವಾಸನೆ ಬರುವ, ನೂರಕ್ಕೆ ನೂರು ಸಿಲಿಕೋನ್, ಅಕ್ವೇರಿಯಂಗೆ ಅಂತಲೇ ಇರುವುದು ಬೇಕು. ಬಾತ್‌ರೂಮಿಗೆ ಬರುವ ಬೂಸ್ಟು ನಿರೋಧಕ ಸಿಲಿಕೋನಿನಲ್ಲಿ ವಿಷ ಬೆರೆಸಿರುತ್ತಾರೆ, ಮೀನಿಗೆ ಅದು ಆಗದು. ಅಂಚುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಎಲ್ಲ ಗಾಜನ್ನೂ ಮೊದಲು ಸಿಲಿಕೋನ್ ಇಲ್ಲದೆ ನಿಲ್ಲಿಸಿ, ಮಾಸ್ಕಿಂಗ್ ಟೇಪ್ ಹಚ್ಚಿ, ಯಾರು ಎಲ್ಲಿ ಹಿಡಿಯಬೇಕು ಅಂತ ಒಂದು ಸಲ ಆಡಿ ನೋಡಿ. ಕೈ ಹಾಕಿದ ಮೇಲೆ ಮೇಲ್ಪದರ ಕಟ್ಟಲು ಐದು ಹತ್ತು ನಿಮಿಷ ಸಾಕು, ಯೋಚಿಸುತ್ತಾ ನಿಲ್ಲಲು ಸಮಯವಿರುವುದಿಲ್ಲ. ಇದು ಕನಿಷ್ಠ ಮೂವರ ಕೆಲಸ. ಸಿಲಿಕೋನನ್ನು ಎಲ್ಲೂ ನಿಲ್ಲಿಸದೆ ಒಂದೇ ದಾರದಂತೆ ಎಳೆಯಿರಿ. ಗಾಜು ಕೂರಿಸುವಾಗ ಪೂರ್ತಿ ಹಿಂಡಿ ಬಿಡಬೇಡಿ, ನಡುವೆ ಒಂದೆರಡು ಮಿ.ಮೀ. ಪದರ ಉಳಿಯಬೇಕು. ನಂತರ ಟಾರ್ಚ್ ಹಿಡಿದು ಹೊರಗಿನಿಂದ ಅಂಚನ್ನು ನೋಡುತ್ತಾ ಹೋಗಿ. ಕಪ್ಪು ಸಿಲಿಕೋನ್ ಆದರೆ ಚೆನ್ನಾಗಿ ಹಿಡಿದ ಕಡೆ ಒಂದೇ ಸಮ ಗಾಢ ಕಪ್ಪು ಕಾಣುತ್ತದೆ. ಗಾಳಿ ಸೇರಿದ ಕಡೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಸಣ್ಣ ಚುಕ್ಕಿ ಇದ್ದರೆ ಪರವಾಗಿಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋಗುವ ಗೆರೆ ಕಂಡರೆ ಆ ಗಾಜನ್ನು ತೆಗೆದು, ಹಳೆಯದನ್ನು ಪೂರ್ತಿ ಕೆರೆದು, ಮತ್ತೆ ಅಂಟಿಸಿ. ಒಣಗಿದ ಸಿಲಿಕೋನಿಗೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಹೊರಗಿಂದ ಮೆತ್ತಿದರೆ ಪ್ರಯೋಜನವಿಲ್ಲ.

ಅದು ಒಣಗುವುದು ಹೊರಗಿನಿಂದ ಒಳಗೆ, ದಿನಕ್ಕೆ ಎರಡು ಮೂರು ಮಿ.ಮೀ. ಮಾತ್ರ. ಹದಿನೈದು ಮಿ.ಮೀ. ಗಾಜಿನ ಜಾಯಿಂಟಿಗೆ ಒಂದು ವಾರ ಕನಿಷ್ಠ, ಎರಡು ವಾರ ಬಿಟ್ಟರೆ ಒಳ್ಳೆಯದು. ವಿನೆಗರ್ ವಾಸನೆ ಇನ್ನೂ ಇದ್ದರೆ ಕಾಯಿರಿ.

ಸ್ಟ್ಯಾಂಡಿಗೆ ಕಬ್ಬಿಣದ ಚೌಕ ಪೈಪಿನ ಫ್ರೇಮ್, ಮೇಲೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್ ಹಾಳೆ. ಮಟ್ಟ ನೋಡಲು ಗಾರೆಯವರ ನೀರಿನ ಪೈಪೇ ಸಾಕು. ಓರೆ ಇದ್ದರೆ ಸ್ಟ್ಯಾಂಡಿನ ಕಾಲಲ್ಲೇ ಸರಿ ಮಾಡಿ, ಟ್ಯಾಂಕಿನ ಕೆಳಗೆ ತುಂಡು ತುರುಕಬೇಡಿ.

ಪೈಪು ಕೆಲಸಕ್ಕೆ ಗಾಜಿನಷ್ಟೇ ತಲೆ ಕೊಡಿ. ಟ್ಯಾಂಕಿನ ನೀರು ಸಂಪಿಗೆ ಇಳಿಯುತ್ತದೆ, ಅಲ್ಲಿನ ಪಂಪ್ ಅದನ್ನು ಮತ್ತೆ ಮೇಲೆ ಕಳಿಸುತ್ತದೆ. ಇಳಿಯಲು ಮೂರು ಪೈಪು ಇಡಿ: ಒಂದು ಪೂರ್ತಿ ತುಂಬಿ ಸದ್ದಿಲ್ಲದೆ ಹರಿಯುವುದು, ಅದಕ್ಕೊಂದು ವಾಲ್ವ್, ಎರಡನೆಯದರಲ್ಲಿ ತೆಳ್ಳಗೆ ನೀರು, ಮೂರನೆಯದು ಯಾವಾಗಲೂ ಒಣಗಿರಬೇಕು, ಉಳಿದೆರಡು ಕಟ್ಟಿಕೊಂಡ ದಿನಕ್ಕೆ. ಆ ಮೂರನೆಯದೊಂದೇ ಪಂಪಿನ ಪೂರ್ತಿ ನೀರನ್ನು ತಡೆದುಕೊಳ್ಳಬೇಕು.

ಕರೆಂಟ್ ಹೋದಾಗ ಏನಾಗುತ್ತದೆ? ನಿಮ್ಮ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರು ಅಂದರೆ ಸುಮಾರು 14 ಲೀಟರ್. ನೀರು ಮೇಲೆ ತರುವ ಪೈಪಿನ ಬಾಯಿ 4 ಸೆಂ.ಮೀ. ಮುಳುಗಿದ್ದರೆ, ಪಂಪ್ ನಿಂತ ತಕ್ಷಣ ಅದು ಸೈಫನ್ ಆಗಿ 56 ಲೀಟರ್ ಕೆಳಗೆ ಇಳಿಸುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇರಬೇಕು. ಸೈಫನ್ ತಡೆಯಲು ಪೈಪಿಗೆ ಸಣ್ಣ ತೂತು ಮಾಡುತ್ತಾರೆ. ಮಾಡಿ, ಆದರೆ ನಂಬಬೇಡಿ, ಪಾಚಿ ಮುಚ್ಚಿಬಿಡುತ್ತದೆ. ಉಲ್ಟಾ ಲೆಕ್ಕವೂ ಹಾಕಿ. ಇಳಿಯುವ ಪೈಪೆಲ್ಲ ಕಟ್ಟಿಕೊಂಡರೆ, ಪಂಪ್ ಇರುವ ಖಾನೆಯ ನೀರಷ್ಟೂ ಮೇಲೆ ಬರುತ್ತದೆ. ಆ ಖಾನೆಯಲ್ಲಿ 28 ಲೀಟರ್ ಮಾತ್ರ ಇದ್ದರೆ ಟ್ಯಾಂಕಿನ ಮಟ್ಟ 2 ಸೆಂ.ಮೀ. ಏರುತ್ತದೆ, ಮೇಲೆ ಅಷ್ಟು ಜಾಗ ಬಿಟ್ಟಿದ್ದರೆ ಚೆಲ್ಲುವುದಿಲ್ಲ. ಮೀನು ಬಿಡುವ ಮೊದಲೇ ಬೇಕಂತಲೇ ಪಂಪ್ ಆಫ್ ಮಾಡಿ, ಸಂಪಿನ ನೀರು ಎಷ್ಟು ಏರಿತು ನೋಡಿ, ಸಂಪಿನ ಮೇಲಂಚಿನಿಂದ ಅದಕ್ಕಿಂತ ಸ್ವಲ್ಪ ಹೆಚ್ಚು ಕೆಳಗೆ ಅದರ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಪಂಪ್ ಓಡುವಾಗ ಸಂಪಿನ ನೀರು ಆ ಗೆರೆ ದಾಟಬಾರದು. ಪಂಪಿನ ಡಬ್ಬಿ ಮೇಲೆ ಬರೆದ ಲೀಟರ್ ಲೆಕ್ಕ ನೀರನ್ನು ಎತ್ತದೇ ಇದ್ದಾಗಿನದು. ನಾಲ್ಕೈದು ಅಡಿ ಎತ್ತಿದಾಗ ಎಷ್ಟು ಅಂತ ಅದರ ಪಟ್ಟಿಯಲ್ಲಿ ನೋಡಿ, ಗಂಟೆಗೆ 4000 ಲೀಟರ್ ಸಿಕ್ಕಿದರೆ ಸಾಕು.

ನೀರು ಬದಲಿಸುವ ದಾರಿಯನ್ನೂ ಈಗಲೇ ಕಟ್ಟಿ. ಕಾಲು ಭಾಗ ಅಂದರೂ 200 ಲೀಟರ್. ಬಕೆಟ್ಟಿನಲ್ಲಿ ಹೊರುವ ಹುರುಪು ಒಂದೆರಡು ತಿಂಗಳು ಇರುತ್ತದೆ, ಆಮೇಲೆ ಮುಂದಿನ ವಾರ, ಮುಂದಿನ ವಾರ ಅಂತ ಹೋಗುತ್ತದೆ. ಸಂಪಿನಿಂದ ಮೋರಿಗೆ ಒಂದು ವಾಲ್ವ್, ನಲ್ಲಿಯಿಂದ ಒಂದು ಪೈಪು ಇದ್ದರೆ ಅದು ಅರ್ಧ ಗಂಟೆಯ ಕೆಲಸ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಕಂಡೀಷನರ್ ಹಾಕಿ. ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು) ಇದ್ದರೆ ಒಂದು ರಾತ್ರಿ ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ.

ಮೊದಲ ಸಲ ತುಂಬುವಾಗ ಕಾಲು ಕಾಲು ಭಾಗವಾಗಿ ತುಂಬಿ, ಒಂದೊಂದು ಹಂತಕ್ಕೂ ಒಂದು ದಿನ ಬಿಡಿ. ತಳದ ಅಂಚಿನ ಉದ್ದಕ್ಕೂ ನ್ಯೂಸ್‌ಪೇಪರ್ ಹಾಸಿ, ಹನಿ ಒಸರಿದರೂ ಅದರಲ್ಲಿ ಕಲೆ ಕಾಣುತ್ತದೆ. ಆಮೇಲೆ ಮೀನಿಲ್ಲದೆಯೇ ಸೈಕಲ್ ಮಾಡಿ, ಅಂದರೆ ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಸಿ: ಅಮೋನಿಯಾ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುವಷ್ಟು ಹಾಕಿ, ಟೆಸ್ಟ್ ಕಿಟ್‌ನಲ್ಲಿ ನೋಡುತ್ತಾ ಹೋಗಿ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಇಳಿದು, ನೈಟ್ರೈಟ್ ಕೂಡ ಸೊನ್ನೆ ತೋರಿಸಿದರೆ ಸಿದ್ಧ ಅಂತ ಅರ್ಥ. ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಮನೆಯ ಮಕ್ಕಳಿಗೆ ಖಾಲಿ ಟ್ಯಾಂಕ್ ನೋಡುವುದು ಕಷ್ಟ, ಗಿಡ ನೆಡುವ ಕೆಲಸವನ್ನು ಅವರಿಗೇ ಕೊಡಿ.

ಕೊನೆಗೆ ಕರೆಂಟ್. ಅಕ್ವೇರಿಯಂನ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಅಂದರೆ ಆರ್‌ಸಿಸಿಬಿ ಹಾಕಿಸಿ. ವೈರುಗಳು ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಹೀಟರ್ ಬೇಕಿದ್ದರೆ ದೊಡ್ಡದೊಂದರ ಬದಲು ಸಣ್ಣವು ಎರಡು. ಕರೆಂಟ್ ಹೋದಾಗ ಬೇಕಾಗುವ ಬ್ಯಾಟರಿ ಏರ್ ಪಂಪ್ ಒಂದನ್ನು ಚಾರ್ಜ್ ಮಾಡಿ ಸ್ಟ್ಯಾಂಡಿನೊಳಗೆ ಇಟ್ಟಿರಿ.