ನಾಯ್ಸ್ ಅಂದರೆ ಗದ್ದಲವೇ, ಜೊಳ್ಳೇ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಒಂದೊಂದೇ ಫೋಟಾನ್ (ಬೆಳಕಿನ ಕಣ) ಎಣಿಸಿ ದೂರ ಅಳೆಯುವ ಸೆನ್ಸರ್‌ಗಳ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡೋಣ ಎಂದು ಕೂತವನು ಮೂರು ವಾರದಿಂದ ಒಂದೇ ಪದದ ಮುಂದೆ ನಿಂತಿದ್ದೇನೆ. ನಾಯ್ಸ್, ಅಂದರೆ ಅಳತೆಯೊಳಗೆ ಬಂದು ಸೇರಿಕೊಳ್ಳುವ ಬೇಡದ್ದು.

ಮೊದಲು ಕಣ್ಣುಮುಚ್ಚಿ ‘ಗದ್ದಲ’ ಎಂದು ಬರೆದೆ. ಓದಿದ ಹುಡುಗನೊಬ್ಬ ಕೇಳಿದ: “ಸರ, ಇದು ಸಪ್ಪಳನೇ ಮಾಡಂಗಿಲ್ಲಲ್ರೀ, ಗದ್ದಲ ಎಲ್ಲಿಂದ ಬಂತು?” ಸ್ಟೇಷನ್ ಹುಡುಕುವಾಗಿನ ರೇಡಿಯೊದ ಕರಕರ ಕೇಳಿ ಬೆಳೆದ ನಮಗೆ ಆ ಪದ ತಾನಾಗಿ ಒಪ್ಪುತ್ತದೆ. ಅವನಿಗೆ ಯಾಕೆ ಒಪ್ಪಬೇಕು? ಆದರೆ ನನಗೆ ಅಡ್ಡ ಬಂದದ್ದು ಸಪ್ಪಳ ಇಲ್ಲದ್ದಲ್ಲ. ಗದ್ದಲ ಎಂದರೆ ಮಾತಿನ ಮೇಲೆ ಕವಿದುಕೊಳ್ಳುವಂಥದ್ದು, ಮಾತು ಬೇರೆ, ಗದ್ದಲ ಬೇರೆ ಎಂದು ಕಿವಿಗೆ ಗೊತ್ತಾಗುತ್ತದೆ. ಈ ಸೆನ್ಸರ್‌ನಲ್ಲಿ ನಡೆಯುವುದು ಅದಲ್ಲ.

ಇದರ ಕೆಲಸ ಹೀಗೆ. ಲೇಸರಿನ ಒಂದು ಮಿಣುಕು ಹೋಗಿ ಗೋಡೆಗೆ ಬಡಿದು ಮರಳುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂ.ಮೀ. ಓಡುತ್ತದೆ, ಹೋಗಿ ಬರುವ ಲೆಕ್ಕ ಹಿಡಿದರೆ ಒಂದು ನ್ಯಾನೋಸೆಕೆಂಡಿಗೆ 15 ಸೆಂ.ಮೀ. ದೂರ. ಪ್ರತಿ ಪಿಕ್ಸೆಲ್ ಒಂದು ಡಯೋಡು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು. ಅದಕ್ಕೆ ಉಲ್ಟಾ ವೋಲ್ಟೇಜು ಕೊಟ್ಟು, ಅದು ತಡೆಯುವ ಮಿತಿಗಿಂತ ತುಸು ಮೇಲೆಯೇ ತುದಿಗಾಲಲ್ಲಿ ನಿಲ್ಲಿಸಿರುತ್ತಾರೆ. ಒಂದೇ ಫೋಟಾನ್ ತಾಗಿದರೂ ಒಂದು ಇನ್ನೊಂದನ್ನು ಕೆಡವುತ್ತ ಎಲೆಕ್ಟ್ರಾನುಗಳ ಹಿಮಪಾತ (ಅವಲಾಂಚ್) ಆಗಿ ಒಂದು ‘ಟಿಕ್’ ಬೀಳುತ್ತದೆ. (ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಕೂತು ಹಿಮಪಾತ ಎಂದು ಬರೆಯುವ ಸಂಕಟ ಬೇರೆಯೇ, ಅದು ಇನ್ನೊಂದು ದಿನಕ್ಕಿರಲಿ.)

ತೊಂದರೆ ಎಂದರೆ, ಯಾವ ಫೋಟಾನೂ ಬಾರದೆ, ಬರೀ ಸಿಲಿಕಾನಿನ ಬಿಸಿಗೆ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಹೊರಟರೂ ಅದೇ ಟಿಕ್ ಬೀಳುತ್ತದೆ. ಅಷ್ಟೇ ಎತ್ತರ, ಅಷ್ಟೇ ಅಗಲ. ಡಾರ್ಕ್ ಕೌಂಟ್ ಅನ್ನುವುದು ಇದಕ್ಕೇ. ಟಿಪ್ಪಣಿಯಲ್ಲಿ ‘ಕತ್ತಲೆಣಿಕೆ’ ಎಂದು ಬರೆದಿದ್ದೆ. ಕತ್ತಲನ್ನೇ ಎಣಿಸಿದ ಹಾಗೆ ಕೇಳಿಸಿತು, ಹೊಡೆದುಹಾಕಿದೆ. ಕಾಳಿನಂತೆಯೇ ಕಾಣುತ್ತದೆ, ಒಳಗೆ ಕಾಳಿಲ್ಲ. ಇದಕ್ಕೆ ನಮ್ಮಲ್ಲಿ ಪದ ಇದೆಯಲ್ಲ: ಜೊಳ್ಳು. ಹಾಗಾಗಿ ‘ಜೊಳ್ಳೆಣಿಕೆ’ ಎಂದು ಬರೆದೆ. ಫೋಟೋ ತೆಗೆದು ಕಳಿಸಿದ ನನ್ನ ಕೈಬರಹವನ್ನು ಟೈಪ್ ಮಾಡಿದವರು ಅದನ್ನು ‘ಜೋಳದೆಣಿಕೆ’ ಮಾಡಿದರು. ರೊಟ್ಟಿ ಊರು, ತಪ್ಪೇನಿಲ್ಲ.

ಯಾದಗಿರಿ ಕಡೆಯ, ಒಕ್ಕಲುತನದ ಮನೆಯ ಸಹೋದ್ಯೋಗಿಯೊಬ್ಬರು ಮಾತ್ರ ಒಪ್ಪಲಿಲ್ಲ. ಅವರ ತಕರಾರು ಸರಿಯಾದ ಜಾಗಕ್ಕೇ ತಾಗಿತು: “ಜೊಳ್ಳು ಕೈಗೆ ಹಗುರ ಇರ್ತದ, ತೂರಿದ್ರ ಹಾರಿ ಹೋಗ್ತದ. ನಿಮ್ಮದು ತೂಕಕ್ಕೂ ಕಾಳಿನಷ್ಟೇ ಅದ ಅಂತೀರಿ. ಮತ್ತ ಜೊಳ್ಳು ಹ್ಯಾಂಗಾತು?”

ನಿಜ. ಈ ಜೊಳ್ಳನ್ನು ಒಂದೊಂದಾಗಿ ಹೆಕ್ಕಲು ಬರುವುದಿಲ್ಲ. ರಾಶಿ ಹಾಕಿದ ಮೇಲೆಯೇ ಗೊತ್ತಾಗುವುದು. ಲೆಕ್ಕಕ್ಕೆ ಹಿಡಿಯಿರಿ: 10 ಮೀಟರ್ ದೂರದವರೆಗೆ ನೋಡಬೇಕು, ಅಂದರೆ ಸುಮಾರು 67 ನ್ಯಾನೋಸೆಕೆಂಡ್. ಆ ಹೊತ್ತನ್ನು ಒಂದೊಂದು ನ್ಯಾನೋಸೆಕೆಂಡಿನ 67 ಗೂಡು ಮಾಡಿ, ಲೇಸರನ್ನು ಸಾವಿರಾರು ಸಲ ಮಿಣುಕಿಸಿ, ಬಿದ್ದ ಟಿಕ್‌ಗಳನ್ನೆಲ್ಲ ಅದರದರ ಗೂಡಿಗೆ ಹಾಕುತ್ತ ಹೋಗುತ್ತೇವೆ. ಬೇಡದ ಟಿಕ್‌ಗಳು 670 ಬಂದರೆ ಎಲ್ಲ ಗೂಡಿಗೂ ಸುಮಾರು ಹತ್ತರಂತೆ ಹರಡುತ್ತವೆ, ಅವಕ್ಕೆ ಇಂಥ ಹೊತ್ತಿಗೇ ಬರಬೇಕೆಂಬ ಹಂಗಿಲ್ಲ. ಗೋಡೆಯಿಂದ ಮರಳಿದ 100 ಮಾತ್ರ ಒಂದೇ ಗೂಡಿನಲ್ಲಿ ಗುಡ್ಡೆಯಾಗುತ್ತವೆ. ತೂರುವ ಗಾಳಿಯ ಕೆಲಸವನ್ನು ಇಲ್ಲಿ ಹೊತ್ತು ಮಾಡುತ್ತದೆ. ಹಿಸ್ಟೋಗ್ರಾಂ ಅನ್ನುವುದನ್ನು ಈ ಟಿಪ್ಪಣಿಯ ಮಟ್ಟಿಗೆ ‘ರಾಶಿ’ ಎಂದೇ ಕರೆದಿದ್ದೇನೆ. ತೊಗರಿ ರಾಶಿ ನೋಡದ ಹುಡುಗ ನಮ್ಮ ತರಗತಿಯಲ್ಲಿಲ್ಲ.

ಇಲ್ಲಿ ಇನ್ನೊಂದು ಗಂಟು. ಎಲ್ಲ ಗೂಡಲ್ಲೂ ನೆಟ್ಟಗೆ 10 ಬಿದ್ದರೆ ಕಳೆದು ಬಿಸಾಕಬಹುದಿತ್ತು. ಬೀಳುವುದು 7, 13, 9, 11; ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು ಮೂರರಷ್ಟು ಹೆಚ್ಚುಕಮ್ಮಿ. ಗಣಿತದವರು ನಾಯ್ಸ್ ಎನ್ನುವುದು ಆ ಹತ್ತಕ್ಕಲ್ಲ, ಈ ಮೂರಕ್ಕೆ. ಇದು ಜೊಳ್ಳೂ ಅಲ್ಲ, ಗದ್ದಲವೂ ಅಲ್ಲ. ‘ಏರುಪೇರು’ ಎಂದರೆ ಸಾಕು, ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಇನ್ನು ಬಿಸಿಲಿನ ಮಾತು. ಇಂಥ ಸೆನ್ಸರ್ ಇರುವ, ನಾಣ್ಯದಗಲದ ಒಂದು ಮಾಡ್ಯೂಲ್ ತಂದು ಲ್ಯಾಬಿನಲ್ಲಿ ಗೋಡೆಗೆ ಹಿಡಿದೆವು. ದೂರದ ಅಂಕಿ ಅಲ್ಲಾಡಲಿಲ್ಲ. ಅದನ್ನೇ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲೆ ಒಯ್ದು, ಎದುರಿನ ಸುಣ್ಣದ ಗೋಡೆಗೆ ಹಿಡಿದರೆ ಅಂಕಿ ಕುಣಿಯಲು ಹತ್ತಿತು, ಆಮೇಲೆ ಬರುವುದೇ ನಿಂತಿತು. ಮೆಟ್ಟಿಲ ನೆರಳಿಗೆ ತಂದರೆ ಮತ್ತೆ ಸುಮ್ಮನಾಯಿತು. “ಸರ, ಇದಕ್ಕೂ ಬಿಸಿಲು ಬಡೀತೇನ್ರೀ?” ಎಂದ ಅದೇ ಹುಡುಗ. ನಕ್ಕೆವು, ಆದರೆ ಮಾತು ತೂಕದ್ದು. ಬಿಸಿಲು ಎರಡು ಥರ ಬಡಿಯುತ್ತದೆ. ಅದರ ಕಾವಿಗೆ ಜೊಳ್ಳು ಹೆಚ್ಚುತ್ತದೆ. 10 ಡಿಗ್ರಿ ಏರಿದರೆ ಸುಮಾರು ಇಮ್ಮಡಿ ಎಂಬುದು ಬಾಯಿಲೆಕ್ಕ. ಆದರೆ ಅಂದು ಮಾಳಿಗೆ ಮೇಲೆ ಕೆಲಸ ಕೆಡಿಸಿದ್ದು ಕಾವಲ್ಲ, ಬೆಳಕು. ನೆರಳಿಗೆ ತಂದ ಗಳಿಗೆಗೇ ಸರಿಹೋಯಿತಲ್ಲ, ಅಷ್ಟು ಬೇಗ ಚಿಪ್ ತಣ್ಣಗಾಗುವುದಿಲ್ಲ. ಗೋಡೆಗೆ ಬಡಿದು ಬಂದ ಸೂರ್ಯನ ಫೋಟಾನುಗಳು ಜೊಳ್ಳಲ್ಲ, ಅಪ್ಪಟ ಕಾಳು. ನಾವು ಬಿತ್ತಿದ್ದಲ್ಲ, ಅಷ್ಟೇ.

ಇವನ್ನು ತಡೆಯಲು ಮೊದಲು ಜರಡಿ ಇಡುತ್ತಾರೆ. ಲೇಸರಿನ ಬಣ್ಣವನ್ನಷ್ಟೇ ಒಳಗೆ ಬಿಡುವ ಫಿಲ್ಟರಿಗೆ ಜರಡಿಗಿಂತ ಒಳ್ಳೆಯ ಪದ ಬೇಕೇ? ಆ ಬಣ್ಣದ ಅಲೆಯುದ್ದ ಸಾಮಾನ್ಯವಾಗಿ 940 ನ್ಯಾನೋಮೀಟರ್: ಗಾಳಿಯಲ್ಲಿರುವ ನೀರಾವಿ ಅದರ ಆಸುಪಾಸಿನ ಬಿಸಿಲನ್ನು ಸಾಕಷ್ಟು ಹೀರಿಕೊಂಡಿರುತ್ತದೆ, ನೆಲಕ್ಕೆ ಬರುವುದೇ ಕಡಿಮೆ. ಎರಡನೆಯದು, ಅಕ್ಕಪಕ್ಕದ ಎರಡು ಡಯೋಡುಗಳು ಹೆಚ್ಚುಕಡಿಮೆ ಒಂದೇ ಗಳಿಗೆಗೆ ಟಿಕ್ ಎಂದರೆ ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಇದಕ್ಕೆ ‘ಜೋಡಿ ಸಾಕ್ಷಿ’ ಎಂದಿದ್ದೇನೆ.

ಉಳಿದವು ಬೇಗ ಮುಗಿಯುತ್ತವೆ. ಒಂದು ಟಿಕ್ಕಿನ ಹೊತ್ತಿಗೆ ಸಿಲಿಕಾನಿನ ಕುಂದುಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ತುಸು ಹೊತ್ತಾದ ಮೇಲೆ ಬಿಡಿಸಿಕೊಂಡು ಮತ್ತೊಂದು ಟಿಕ್ ಎಬ್ಬಿಸುತ್ತದೆ. ಬೀದರ್ ಕಡೆ ಕಬ್ಬು ಕಡಿದ ಬುಡದಲ್ಲೇ ಚಿಗುರುವ ಕೂಳೆ ನೆನಪಾಯಿತು. ‘ಕೂಳೆ ಟಿಕ್’ ಎಂದು ಬರೆದೆ. ಡಯೋಡನ್ನು ಒಂದಿಷ್ಟು ನ್ಯಾನೋಸೆಕೆಂಡ್ ಮಲಗಿಸಿಟ್ಟರೆ ಕೂಳೆ ಕಡಿಮೆಯಾಗುತ್ತದೆ. ಇನ್ನು ಹಿಮಪಾತದ ಹೊತ್ತಿಗೆ ಡಯೋಡೇ ಕಿಡಿಯಷ್ಟು ಬೆಳಕು ಹೊಮ್ಮಿಸಿ ಪಕ್ಕದವನನ್ನೂ ಎಬ್ಬಿಸುತ್ತದೆ. ಕ್ರಾಸ್‌ಟಾಕ್. ಟೆಲಿಫೋನಿನಲ್ಲಿ ಅದು ಅಡ್ಡಮಾತು ಆಗಿದ್ದಿರಬಹುದು, ಇಲ್ಲಿ ಮಾತಿಲ್ಲ, ‘ಅಡ್ಡಕಿಡಿ’. ನಡುವೆ ಆಳದ ಕಾಲುವೆ ತೋಡಿ ತಡೆಯುತ್ತಾರೆ.

ಸಪ್ಪಳದ ಪದ ನಿಜವಾಗಿ ಬೇಕಾದದ್ದು ಒಂದೇ ಕಡೆ. ಚಿಪ್‌ನಲ್ಲಿ ಕೆಲವು ಪಿಕ್ಸೆಲ್ ಹುಟ್ಟಾ ಕೆಟ್ಟವು, ಉಳಿದವು ಒಂದು ಸಲ ಟಿಕ್ ಅನ್ನುವಷ್ಟರಲ್ಲಿ ಇವು ನೂರು ಸಲ ಒದರುತ್ತವೆ. ಅವನ್ನು ಗುರುತಿಸಿ ಬಾಯಿ ಮುಚ್ಚಿಸಿಬಿಡುತ್ತಾರೆ. ‘ಬಾಯಿಬಡಕ ಪಿಕ್ಸೆಲ್’ ಎಂದಾಗ ತರಗತಿಯಲ್ಲಿ ಯಾರೂ ಅರ್ಥ ಕೇಳಲಿಲ್ಲ.

ಈಗ ನನ್ನ ಪ್ರಶ್ನೆಗಳು. ಇಷ್ಟನ್ನೂ ಸೇರಿಸಿ ‘ನಾಯ್ಸ್ ಕಡಿಮೆ ಮಾಡುವುದು’ ಎನ್ನುವ ಕಡೆ ‘ಹಸನು ಮಾಡುವುದು’ ಎಂದು ಬರೆದಿದ್ದೇನೆ. ಇಲ್ಲಿ ಅಕ್ಕಿ ಹಸನು ಮಾಡು ಎಂದರೆ ಕಲ್ಲು, ಹೊಟ್ಟು, ಜೊಳ್ಳು ಎಲ್ಲ ತೆಗೆ ಎಂದೇ. ಯಾವುದನ್ನು ಎಂದು ಬೇರೆ ಹೇಳಬೇಕಿಲ್ಲ. ಮೈಸೂರು, ಮಂಗಳೂರು ಕಡೆಯವರಿಗೆ ಇದು ‘ಬದುಕು ಹಸನಾಗಲಿ’ ಎಂಬ ಹಾರೈಕೆಯಾಗಿ ಮಾತ್ರ ಕೇಳಿಸುತ್ತದೆಯೇ? ಹಾಗಿದ್ದರೆ ನೀವು ಏನು ಬರೆಯುತ್ತಿದ್ದಿರಿ?

ಇನ್ನೊಂದು, ಇದೇ ಹೆಚ್ಚು ಕಾಡುತ್ತಿರುವುದು. ಆ ಬಿಸಿಲಿನ ಫೋಟಾನಿಗೆ ಪದ ಸಿಕ್ಕಿಲ್ಲ. ‘ಹಿನ್ನೆಲೆ ಬೆಳಕು’ ಎಂದರೆ ನಾಟಕದ ರಂಗಸಜ್ಜಿಕೆ ಕಣ್ಣಿಗೆ ಬರುತ್ತದೆ. ‘ಕಲಬೆರಕೆ’ ಎಂದರೆ ಯಾರೋ ಬೇಕೆಂದೇ ಬೆರೆಸಿದ ಹಾಗೆ. ಕಡಲೆ ರಾಶಿಯಲ್ಲಿ ಸಾಲಿನ ಕುಸುಬಿ ಬಂದು ಕೂಡಿಕೊಂಡಿರುತ್ತದಲ್ಲ, ಕೆಟ್ಟದ್ದಲ್ಲ, ಬೇಡದ್ದು. ಅಂಥ ಕಾಳಿಗೆ ನಿಮ್ಮ ಊರ ಕಣದಲ್ಲಿ ಏನನ್ನುತ್ತಾರೆ?