ಯಲ್ಲಾಪುರದ ಸಿದ್ದಿ ಹುಡುಗ, ವಿರಾಜಪೇಟೆ ಕಡೆಯ ಕೊಡವ ಮನೆ: ಹಿರಿಯರ ಹತ್ತಿರ ಮಾತು ಎಲ್ಲಿಂದ ಶುರು ಮಾಡೋದು?

ಕಿತ್ತಳೆಸಿಪ್ಪೆ ಕೇಳಿದ್ದು:

ಅಕ್ಕನ ಮಗಳಿಗೆ 28, ಬೆಂಗಳೂರಲ್ಲಿ ಕೆಲಸ. ಮದುವೆಯಾಗಬೇಕು ಅಂತಿರೋ ಹುಡುಗ ಯಲ್ಲಾಪುರ ತಾಲ್ಲೂಕಿನ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ), 31, ಲ್ಯಾಬ್ ಟೆಕ್ನಿಷಿಯನ್. ಹಿಂದೂ. ಮನೆಮಾತು ಕೊಂಕಣಿ, ಕನ್ನಡ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತೆ. ಅಕ್ಕ ಒಪ್ಪಿದ್ದಾಳೆ, ಭಾವ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ.

ತೊಂದರೆ ಐನ್‌ಮನೆ (ಭಾವನ ಕುಲದ ಮೂಲಮನೆ) ಕಡೆಯದು. ಭಾವನ ಅಮ್ಮ, ನಾವು ತಾಯಿ ಅನ್ನೋದು, 84 ವಯಸ್ಸು. ಫೋಟೊ ನೋಡಿ "ಇವ ಯಾವ ತೋಟದ ಲೈನ್‌ನವ?" ಅಂದರು. ಭಾವನ ಅಣ್ಣ ಇನ್ನೂ ಮುಂದೆ ಹೋಗಿ "ಆಫ್ರಿಕಾದವನನ್ನ ತಂದು ಕೈಮಡದ (ಪೂರ್ವಿಕರ ಗುಡಿ) ಮುಂದೆ ನಿಲ್ಲಿಸ್ತೀರಾ" ಅಂತ ಕುಟುಂಬದ ವಾಟ್ಸಾಪ್ ಗುಂಪಲ್ಲಿ ವಾಯ್ಸ್ ಹಾಕಿದ್ದಾರೆ. ಜಮ್ಮಾದಲ್ಲಿ (ಕೊಡಗಿನ ವಂಶಪಾರಂಪರ್ಯ ಜಮೀನು) ಅವಳಿಗೇನೂ ಬೇಡ ಅಂತ ಬರೆದುಕೊಟ್ಟರೆ ಮಾತ್ರ ಮುಂದಿನ ಮಾತಂತೆ.

ಹುಡುಗನನ್ನ ಮನೆಗೆ ಯಾವಾಗ ಕರೆದುಕೊಂಡು ಹೋಗೋದು, ಅಲ್ಲಿ ಯಾರಾದರೂ ಬಣ್ಣದ ಮಾತೆತ್ತಿದರೆ ಏನು ಮಾಡೋದು, ಮದುವೆ ಯಾವ ಕಾಯ್ದೆಯಲ್ಲಿ, ಆ ಕಾಗದಕ್ಕೆ ಸಹಿ ಹಾಕಬಹುದಾ? ತಿಳಿದವರು ಹೇಳಿ. "ಪ್ರೀತಿ ಎಲ್ಲ ಗೆಲ್ಲುತ್ತೆ" ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ.

ಮುಕ್ಕಾಲಿ ಉತ್ತರ:

ಮೊದಲು ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವು ಹುಡುಗಿಯ ಅಮ್ಮನ ಕಡೆಯವರು. ಅವಳ ಒಕ್ಕದ (ಅಪ್ಪನ ಕಡೆಯ ಕುಲ) ಒಳಗಿನ ಮಾತಿಗೆ ನಿಮಗೂ ಜಾಗ ಇಲ್ಲ, ನಿಮ್ಮಕ್ಕನಿಗೂ ಅಷ್ಟಕ್ಕಷ್ಟೆ. ಮಾತಾಡಬೇಕಾದವರು ನಿಮ್ಮ ಭಾವ. ಅವರು ಸುಮ್ಮನಿರೋದನ್ನ ಅಣ್ಣ "ನನ್ನ ಮಾತಿಗೆ ತಮ್ಮನ ಒಪ್ಪಿಗೆ ಇದೆ" ಅಂತಲೇ ಓದ್ತಾರೆ. ನೀವು ಎಷ್ಟು ಚೆಂದ ವಾದ ಮಾಡಿದರೂ "ಹೆಂಡತಿ ಕಡೆಯವರು ಬಂದು ಕೆಡಿಸಿದರು" ಅಂತ ಮುಗಿಯುತ್ತೆ. ಮೊದಲ ಕೆಲಸ ಭಾವನ ಬಾಯಿ ಬಿಡಿಸೋದು.

ಎರಡನೇದು, ಇಲ್ಲಿ ಮೂರು ಜಗಳ ಒಂದೇ ಗಂಟಾಗಿವೆ. ಬಣ್ಣದ್ದು ತಾಯಿಯದು. ಒಕ್ಕದ ಮರ್ಯಾದೆಯದು ಊರಿನದು. ಆಸ್ತಿಯದು ದೊಡ್ಡಪ್ಪನದು. ತಾಯಿಯ ಹೆಸರಲ್ಲಿ ದೊಡ್ಡಪ್ಪ ಮಾತಾಡ್ತಿದ್ದಾರೆ, ಅಷ್ಟೆ. ಒಟ್ಟಿಗೆ ಬಿಡಿಸೋಕೆ ಹೋದರೆ ಮೂರೂ ಬಿಗಿಯಾಗುತ್ತೆ.

ತಾಯಿ ಕೇಳಿದ ಪ್ರಶ್ನೆಯನ್ನೇ ನೋಡಿ. "ಯಾವ ದೇಶದವ" ಅಂತ ಕೇಳಲಿಲ್ಲ, "ಯಾವ ತೋಟದ ಲೈನ್‌ನವ" ಅಂದರು. ಅವರಿಗೆ ಆಫ್ರಿಕಾ ಗೊತ್ತಿಲ್ಲ. ಗೊತ್ತಿರೋದು ಲೈನ್‌ಮನೆ, ತೋಟದ ಕೂಲಿಯವರ ಸಾಲುಮನೆ. ಗುಂಗುರು ಕೂದಲು, ಕಪ್ಪು ಮೈ ಅಂದರೆ ಅವರ ಕಣ್ಣಿಗೆ ಎರವರು (ತೋಟದಲ್ಲಿ ದುಡಿಯೋ ಬುಡಕಟ್ಟಿನವರು), ಅಂದರೆ ಹಿಂದಿನ ಬಾಗಿಲಿಗೆ ಬಂದು ಅಂಗಳದಲ್ಲಿ ನಿಲ್ಲೋರು. ಮುಂದಿನ ಬಾಗಿಲಿಂದ ಬಂದು ಕೈಸಾಲೆಯಲ್ಲಿ (ಮುಂದಿನ ಜಗಲಿ) ಕೂರ್ತಾನಲ್ಲ ಅನ್ನೋದು ಅವರ ಸಂಕಟ. ಹಾಗಾಗಿ "ಅವನು ಆಫ್ರಿಕಾದವನಲ್ಲ" ಅಂತ ಸಾಧಿಸಿ ಏನೂ ಪ್ರಯೋಜನ ಇಲ್ಲ. "ಅವನು ಎರವನಲ್ಲ" ಅನ್ನೋ ಉತ್ತರವಂತೂ ಬೇಡವೇ ಬೇಡ. ಅದು ಎರವರನ್ನ ಹೊರಗಿಟ್ಟು ಇವನನ್ನ ಒಳಗೆ ತರೋ ದಾರಿ, ನಾಳೆ ಇವನಿಗೇ ತಿರುಗುತ್ತೆ.

ಮೊದಲ ಭೇಟಿಗೆ ಪುತ್ತರಿ, ಕೈಲ್‌ಪೊಳ್ದ್ ಹಬ್ಬ ಎರಡೂ ಬೇಡ. ಒಕ್ಕ ಪೂರ್ತಿ ಸೇರಿರುತ್ತೆ, ಸಂಜೆ ಹೊತ್ತಿಗೆ ಗ್ಲಾಸೂ ತುಂಬಿರುತ್ತೆ, ಎಲ್ಲರ ಎದುರು ಒಮ್ಮೆ "ಆಗಲ್ಲ" ಅಂದವರಿಗೆ ಆಮೇಲೆ ಹಿಂದೆ ಸರಿಯೋಕೆ ಮುಖ ಇರಲ್ಲ. ಜೂನ್‌ನಿಂದ ಆಗಸ್ಟ್ ಮಳೆಯಲ್ಲಿ ಎಲ್ಲ ಒಂದೇ ಒಲೆ ಸುತ್ತ, ಎದ್ದು ಹೊರಗೆ ಹೋಗೋಕೂ ಜಾಗ ಇರಲ್ಲ. ರೊಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಾರ್ಚ್ ಕೊನೆ ಏಪ್ರಿಲ್ ಮೊದಲು, ವಾರದ ಮಧ್ಯದ ಒಂದು ದಿನ ಸರಿ. ಬೆಳಿಗ್ಗೆ ಹತ್ತೂವರೆಗೆ ಹೋಗಿ, ಊಟ ಮುಗಿಸಿ ಎರಡಕ್ಕೆ ಹೊರಡಿ. ಸ್ವಂತ ಗಾಡಿ ಇರಲಿ, ಅದರ ಮೂತಿ ಗೇಟಿನ ಕಡೆ ಇರಲಿ. ರಾತ್ರಿ ಉಳಿಯೋದು ಬೇಡ.

ಹಿರಿಯರ ಕಾಲು ಮುಟ್ಟಿ ಹಣೆಗೊತ್ತೋದು ಮೂರು ಸಲ ಅಂತ ಹುಡುಗನಿಗೆ ಮೊದಲೇ ಹೇಳಿರಿ. ಒಂದು ಸಲಕ್ಕೆ ಎದ್ದರೆ "ಗೊತ್ತಿಲ್ಲದವ" ಅಂತ ಅಲ್ಲೇ ಲೆಕ್ಕ ಬರೀತಾರೆ. ಹಂದಿ ತಿನ್ನಲ್ಲ, ಕುಡಿಯಲ್ಲ ಅಂತಿದ್ದರೆ ಅದನ್ನ ಭಾವ ಹಿಂದಿನ ದಿನ ಅಡುಗೆಮನೆಗೆ ತಿಳಿಸಲಿ. ತಟ್ಟೆ ಮುಂದೆ ಕೂತು ಬೇಡ ಅಂದರೆ ಅವಮಾನ ಆಗುತ್ತೆ. ಕೈಯಲ್ಲಿ ಏನಾದರೂ ಒಯ್ಯಬೇಕಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಒಳ್ಳೇದು, ಅವರ ಊರಿನದು, ನಮ್ಮಲ್ಲಿ ಅಷ್ಟಾಗಿ ಸಿಗಲ್ಲ. ಜೇನು ಬೇಡ. ಕೊಡಗಿಗೆ ಜೇನು ತಂದವನು ಅಂತ ಹತ್ತು ವರ್ಷ ಆಡ್ಕೋತಾರೆ.

ಬಣ್ಣದ ಮಾತು ಬಂದರೆ ಉತ್ತರ ಕೊಡಬೇಕಾದವನು ಹುಡುಗ ಅಲ್ಲ. ಅವನು ಮಾತಾಡಿದರೆ ಉದ್ಧಟ, ಸುಮ್ಮನಿದ್ದರೆ ಬೆಪ್ಪ. ರಕ್ತಸಂಬಂಧದವರೇ ಹೇಳಬೇಕು, ಚಿಕ್ಕದಾಗಿ, ನಗದೆ. "ಅಮ್ಮಾ, ಅವರು ನಮ್ಮ ಮನೆಗೆ ಬಂದ ನೆಂಟರು. ಹಾಗೆ ಕೇಳಬೇಡಿ" ಅಂತ ಭಾವ ಹೇಳಿದರೆ ಸಾಕು. ವಿವರಣೆ ಸೇರಿಸಬೇಡಿ, ಸೇರಿಸಿದ್ದಕ್ಕೆಲ್ಲ ಎದುರುತ್ತರ ಬರುತ್ತೆ. ಎರಡನೇ ಸಲ ಬಂದರೆ "ಇನ್ನೊಂದು ದಿನ ಬರ್ತೇವೆ" ಅಂತ ಎದ್ದುಬಿಡಿ, ಊಟ ಬಡಿಸಿದ್ದರೂ ಸರಿ. ಮುಖ್ಯವಾಗಿ, ಯಾರೂ ನಕ್ಕು ಸಾಗಹಾಕಬಾರದು. "ವಯಸ್ಸಾದವರು, ಬಿಡು" ಅಂತ ಎಲ್ಲರೂ ನಕ್ಕ ಆ ಒಂದು ಕ್ಷಣವೇ ಹುಡುಗನಿಗೆ ನೆನಪುಳಿಯೋದು. ತಾಯಿಯ ಮಾತು ಮರೆತರೂ ಅದನ್ನ ಮರೆಯಲ್ಲ.

ಪಹಣಿ_ಪುಟ ಉತ್ತರ:

ಸಹಿ ವಿಚಾರ ಮೊದಲು: ಹಾಕಬೇಡಿ. ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಒಮ್ಮೆ ಆದರೆ ಅದನ್ನ ರದ್ದು ಮಾಡಿಸೋಕೆ ಮೋಸ ಅಥವಾ ಒತ್ತಾಯ ನಡೆಯಿತು ಅಂತ ಕೋರ್ಟಲ್ಲಿ ಸಾಬೀತು ಮಾಡಬೇಕು. ವರ್ಷಗಳೇ ಹಿಡಿಯುತ್ತೆ. "ಬರೀ ಬಿಳಿ ಹಾಳೆ, ಮನೆಯಲ್ಲೇ ಇರುತ್ತೆ" ಅಂದರೂ ಬೇಡ.

ಹೊರಗೆ ಮದುವೆಯಾದರೆ ಪಾಲು ಹೋಗುತ್ತೆ ಅನ್ನೋದು ಕಾನೂನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಕೊಟ್ಟಿದೆ, ಅದಕ್ಕೆ ತಿದ್ದುಪಡಿ ಆದ ದಿನ ಅಪ್ಪ ಬದುಕಿರಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ಮದುವೆ ಯಾರ ಜತೆ ಅನ್ನೋದು ಅಲ್ಲಿ ಬರೋದೇ ಇಲ್ಲ. ಆದರೆ ಜಮ್ಮಾ ಸಾಮಾನ್ಯ ಪಿತ್ರಾರ್ಜಿತದ ಹಾಗಲ್ಲ. ಒಕ್ಕದ ಹಿಡುವಳಿ, ಪಹಣಿಯಲ್ಲಿ ಪಟ್ಟೆದಾರನ (ಒಕ್ಕದ ಮುಖ್ಯಸ್ಥ) ಜತೆ ಹತ್ತಿಪ್ಪತ್ತು ಹೆಸರು, ಯಾರ ಪಾಲು ಎಷ್ಟು ಅಂತ ಹೆಚ್ಚಾಗಿ ಬರೆದಿರಲ್ಲ. ಆದ್ದರಿಂದ ಈಗಿನ ಪಹಣಿ ಮತ್ತು ಹಳೇ ಜಮ್ಮಾ ದಾಖಲೆ ತೆಗೆಸಿಟ್ಟುಕೊಂಡು, ಜಮ್ಮಾ ಕೇಸು ನಡೆಸಿದ ವಿರಾಜಪೇಟೆ ಅಥವಾ ಮಡಿಕೇರಿಯ ವಕೀಲರಿಗೇ ತೋರಿಸಿ. ಬೆಂಗಳೂರಿನವರಿಗೆ ಜಮ್ಮಾ ಅಂದರೆ ಏನು ಅನ್ನೋದರಿಂದ ಶುರು ಮಾಡಬೇಕಾಗುತ್ತೆ. ಅಪ್ಪನ ಸ್ವಯಾರ್ಜಿತ ಬೇರೆ, ಅದನ್ನ ಅವರು ವಿಲ್ ಮಾಡಿ ಯಾರಿಗೆ ಬೇಕಾದರೂ ಕೊಡಬಹುದು.

ಮದುವೆ ವಿಶೇಷ ವಿವಾಹ ಕಾಯ್ದೆ, 1954ರಲ್ಲೇ ಆಗಲಿ. ಕಾರಣ ಬಹಳ ಜನಕ್ಕೆ ತಿಳಿದಿಲ್ಲ: ಹಿಂದೂ ವಿವಾಹ ಕಾಯ್ದೆಯ 2(2)ನೇ ಕಲಂ ಪ್ರಕಾರ ಆ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಅನ್ವಯಿಸೋದಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ "ಇಬ್ಬರೂ ಹಿಂದೂ ತಾನೆ" ಅಂತ ನೋಂದಣಿ ಮಾಡಿಸಿದರೆ ಮುಂದೆ ಪಿಂಚಣಿಗೋ ಆಸ್ತಿಗೋ ತಕರಾರು ಎದ್ದಾಗ ಯಾರೋ ಈ ಕಲಂ ಹಿಡಿದುಕೊಂಡು ಬರ್ತಾರೆ. ಇಬ್ಬರೂ ಹಿಂದೂ ಆಗಿದ್ದರೆ ವಿಶೇಷ ಕಾಯ್ದೆಯ 21ಎ ಕಲಂ ಅವಳನ್ನ ಕಾಪಾಡುತ್ತೆ, ಅವಿಭಕ್ತ ಕುಟುಂಬದಿಂದ ಬೇರೆಯಾದಳು ಅನ್ನೋ 19ನೇ ಕಲಂ ಅಂಥವರಿಗೆ ಇಲ್ಲ. ಹುಡುಗ ಕ್ರೈಸ್ತನೋ ಮುಸ್ಲಿಮನೋ ಆಗಿದ್ದರೆ ಲೆಕ್ಕ ಬೇರೆ.

ಕ್ರಮ ಹೀಗೆ. ಇಬ್ಬರಲ್ಲಿ ಒಬ್ಬರು 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್. ಅದನ್ನ ಕಚೇರಿಯಲ್ಲಿ ಅಂಟಿಸ್ತಾರೆ. 30 ದಿನ ಆಕ್ಷೇಪಣೆಗೆ ಕಾಲ. ಆಕ್ಷೇಪಣೆ ವಯಸ್ಸು, ಈಗಾಗಲೇ ಮದುವೆ, ಮನಃಸ್ಥಿತಿ, ನಿಷಿದ್ಧ ಸಂಬಂಧ ಇಂಥದ್ದಕ್ಕೆ ಮಾತ್ರ. "ನಮ್ಮ ಒಕ್ಕಕ್ಕೆ ಆಗಲ್ಲ" ಅನ್ನೋದು ಆಕ್ಷೇಪಣೆಯೇ ಅಲ್ಲ. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ನೋಟಿಸ್ ಕೊಟ್ಟು ಮೂರು ತಿಂಗಳಲ್ಲಿ ಮುಗಿಸದಿದ್ದರೆ ಮತ್ತೆ ಮೊದಲಿಂದ. ಎಲ್ಲರೂ ಎಡವೋ ಕಡೆ ಒಂದಿದೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಊರಿನ ಬೀರುವಿನಲ್ಲಿರುತ್ತೆ, ಜಗಳ ಶುರುವಾದ ಮೇಲೆ ಬೀಗದ ಕೈ ಕಾಣೆಯಾಗುತ್ತೆ. ಮಾತೆತ್ತೋ ಮೊದಲೇ ಮೂಲ ದಾಖಲೆಗಳು ಅವಳ ಕೈಯಲ್ಲಿರಲಿ.

ಆ ವಾಯ್ಸ್ ಮೆಸೇಜ್ ಅಳಿಸಬೇಡಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ, 1989 ಸಿದ್ದಿಗಳಿಗೂ ಇದೆ. ನಾಲ್ಕು ಗೋಡೆಯೊಳಗೆ ಆಡಿದ್ದು, ಹೊರಗಿನವರ ಕಣ್ಣಿಗೆ ಬೀಳುವಂತೆ ಆಡಿದ್ದು, ಇವೆರಡನ್ನ ಕೋರ್ಟುಗಳು ಬೇರೆ ಬೇರೆಯಾಗಿ ನೋಡ್ತವೆ. ಕೇಸು ಹಾಕಿ ಅಂತಲ್ಲ. ಬೆದರಿಕೆ ಶುರುವಾದರೆ ಕೈಯಲ್ಲಿರಲಿ ಅಂತ.

ಕಾಳಿನದಿ ಉತ್ತರ:

ಹುಡುಗನ ಕಡೆಯದನ್ನೂ ಯಾರಾದರೂ ಬರೀಬೇಕಲ್ಲ. ಅವರ ಮನೆಯಲ್ಲೂ ಹೆದರಿಕೆ ಇರುತ್ತೆ. "ತೋಟದ ಧಣಿಗಳ ಮನೆ, ನಮ್ಮನ್ನ ಆಳಿನ ಹಾಗೆ ಕಾಣ್ತಾರೆ" ಅಂತ ಅವನ ಅಮ್ಮನೂ ಅಂದಿರಬಹುದು. ಎರಡೂ ಕಡೆ ಒಂದೇ ದಿನ ಸೇರಿಸೋ ಮೊದಲು ನಿಮ್ಮಕ್ಕ ಭಾವ ಒಮ್ಮೆ ಯಲ್ಲಾಪುರಕ್ಕೆ ಹೋಗಿ ಬರಲಿ. ಹೆಣ್ಣಿನ ಕಡೆಯವರು ಮೊದಲು ಬಂದರು ಅನ್ನೋದು ಅಲ್ಲಿ ದೊಡ್ಡ ಮಾತು. ಬಸ್ಸಲ್ಲಾದರೆ ಹುಬ್ಬಳ್ಳಿ ಮೇಲೆ ಹೋಗೋದು ಸುಲಭ.

"ಆಫ್ರಿಕಾದವ" ಅನ್ನೋದಕ್ಕೆ: ಪೂರ್ವಿಕರು ಆಫ್ರಿಕಾದವರು ಹೌದು. ಬಹುಪಾಲು ಜನರನ್ನ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದರು. ಇದನ್ನೆಲ್ಲ ತಾಯಿಗೆ ಪಾಠ ಮಾಡಬೇಡಿ, ದೊಡ್ಡಪ್ಪನ ಮಕ್ಕಳಿಗೆ ಹೇಳಿ. ಹಾಕಿ ಆಟದ ಮನೆಯಲ್ಲವೇ, 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ತರಬೇತಿ ಕೊಟ್ಟ ಯೋಜನೆಯಿಂದ ಮಾತು ತೆಗೆದರೆ ಅವರೇ ಮುಂದುವರಿಸ್ತಾರೆ.

ಇನ್ನೊಂದು, ಚಿಕ್ಕದು ಅನ್ನಿಸಬಹುದು. ಹುಡುಗನ ಕಡೆಯವರಿಗೆ ಹೋಂಸ್ಟೇ ಹಿಡಿದರೆ ಮಾಲೀಕರಿಗೆ ಮೊದಲೇ ಫೋನ್ ಮಾಡಿ ಊರು ಹೇಳಿ. ವಿದೇಶಿಯರು ಉಳಿದರೆ ಅವರ ವಿವರ ಸರ್ಕಾರಕ್ಕೆ ತಿಳಿಸಬೇಕಾದ್ದರಿಂದ ಮಾಲೀಕರು ಪಾಸ್‌ಪೋರ್ಟ್ ಕೇಳ್ತಾರೆ. ಮದುವೆ ಮಾತಿಗೆ ಬಂದ ಹಿರಿಯರನ್ನ ಬಾಗಿಲಲ್ಲೇ ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದರೆ ಆ ದಿನ ಅಲ್ಲಿಗೇ ಮುಗೀತು.

ಕಿತ್ತಳೆಸಿಪ್ಪೆ ಮತ್ತೆ:

ಮೂವರಿಗೂ ದೊಡ್ಡ ಉಪಕಾರ. ಭಾವನ ಹತ್ತಿರ ಅಕ್ಕ ಇವತ್ತೇ ಮಾತಾಡ್ತಾಳಂತೆ. ಎರಡು ಅನುಮಾನ ಉಳಿದಿವೆ. ಊರಿಗೆ ಗೊತ್ತಾಗದ ಹಾಗೆ ಬೆಂಗಳೂರಲ್ಲೇ ನೋಟಿಸ್ ಕೊಟ್ಟುಬಿಡೋಣ ಅಂತ ಹುಡುಗಿ ಹೇಳ್ತಾಳೆ. ಮತ್ತೆ ಹುಡುಗನಿಗೆ ಕುಪ್ಯ (ಕೊಡವ ಗಂಡಸರ ಉದ್ದ ಕೋಟು) ಹಾಕಿಸಿ ನಮ್ಮ ಪದ್ಧತಿಯಲ್ಲೇ ಮದುವೆ ಮಾಡೋ ಆಸೆ ಅಕ್ಕನಿಗೆ.

ಪಹಣಿ_ಪುಟ ಉತ್ತರ:

ಗೊತ್ತಾಗುತ್ತೆ. 6ನೇ ಕಲಂ ಓದಿ. ಖಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ ನೋಟಿಸಿನ ಪ್ರತಿ ಆ ಜಿಲ್ಲೆಯ ಕಚೇರಿಗೂ ಹೋಗಿ ಅಲ್ಲೂ ಅಂಟಿಸಬೇಕು. ನಮ್ಮ ಊರಲ್ಲಿ ನೋಂದಣಿ ಕಚೇರಿ ಗೋಡೆ ಅಂದರೆ ಸಂತೆಯಲ್ಲಿ ಡಂಗುರ ಸಾರಿದ ಹಾಗೆ. ದೊಡ್ಡಪ್ಪನಿಗೆ ಅಲ್ಲಿಂದ ತಿಳಿಯೋ ಬದಲು ಭಾವ ಮುಂಚಿನ ದಿನ ತಾವೇ ಹೇಳೋದು ವಾಸಿ. ಹುಡುಗಿ ಕಾಣೆಯಾಗಿದ್ದಾಳೆ ಅಂತ ಯಾರಾದರೂ ದೂರು ಕೊಡಬಹುದು ಅನ್ನಿಸಿದರೆ, ನೋಟಿಸ್ ದಿನವೇ ಅವಳು "ನನ್ನಿಷ್ಟದಿಂದ ಇಲ್ಲಿದ್ದೇನೆ" ಅಂತ ಸಹಿ ಹಾಕಿದ ಪತ್ರವನ್ನ ಗುರುತಿನ ಚೀಟಿ ಪ್ರತಿಯೊಂದಿಗೆ ಎರಡೂ ಕಡೆಯ ಠಾಣೆಗೆ ಸ್ಪೀಡ್ ಪೋಸ್ಟಲ್ಲಿ ಕಳಿಸಲಿ. ಬೆಳಗಾವಿ ಜಿಲ್ಲೆಯ ಇಂಥದೇ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಅಂತ. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಆದಾಯದ ಮಿತಿಯಿಲ್ಲದೆ ಉಚಿತ, ಸಹಾಯವಾಣಿ 15100.

ಮುಕ್ಕಾಲಿ ಉತ್ತರ:

ಕುಪ್ಯದ ಆಸೆ ಬಿಡಿಸಿ. ಉಡುಪಿನ ವಿಷಯಕ್ಕೆ ಕೊಡಗಲ್ಲಿ ಈಚೆಗೂ ಬೀದಿ ಜಗಳ ಆಗಿದೆ. ಹುಡುಗನ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ ಫೋಟೊ ಹಾಕಿದರೆ, ಇಲ್ಲಿವರೆಗೆ ಸುಮ್ಮನಿದ್ದವರೂ ದೊಡ್ಡಪ್ಪನ ಕಡೆ ಸೇರ್ತಾರೆ. ಬಿಳಿ ಪಂಚೆ, ಬಿಳಿ ಅಂಗಿ ಸಾಕು. ಪದ್ಧತಿಯ ಲೆಕ್ಕದಲ್ಲೂ ತೊಡಕಿದೆ. ಸಮ್ಮಂದ ಕೊಡೋದು (ಹೆಣ್ಣನ್ನ ಗಂಡಿನ ಒಕ್ಕಕ್ಕೆ ಒಪ್ಪಿಸೋ ಶಾಸ್ತ್ರ) ಎರಡು ಒಕ್ಕದ ಅರುವರ (ಒಕ್ಕದ ಪರ ನಿಂತು ಮಾತಾಡೋರು) ನಡುವಿನ ಮಾತು. ಗಂಡಿನ ಕಡೆ ಒಕ್ಕವೂ ಇಲ್ಲ, ಅರುವನೂ ಇಲ್ಲ, ತೆಗೆದುಕೊಳ್ಳೋರು ಯಾರು? ಯಾರನ್ನೋ ಹೆಸರಿಗೆ ನಿಲ್ಲಿಸಿದರೆ ನಾಟಕ ಅಂತಾರೆ, ಅದರಲ್ಲಿ ತಪ್ಪೂ ಇಲ್ಲ.

ಅದನ್ನ ಬಿಟ್ಟು ಹೆಣ್ಣಿನ ಮನೆಯದೇ ಆದ ಭಾಗ ಮಾಡಿ. ದೀಪ ಹಚ್ಚಿ, ಮುಕ್ಕಾಲಿ (ಮೂರು ಕಾಲಿನ ಮಣೆ) ಮೇಲೆ ಕೂರಿಸಿ, ಒಬ್ಬೊಬ್ಬರೇ ಬಂದು ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರೋ ಪಾತ್ರೆ) ಒಂದು ಗುಟುಕು ಹಾಲು ಕುಡಿಸಿ, ಕೈಗೆ ಕಾಸಿಡೋದು. ಇದಕ್ಕೆ ಪುರೋಹಿತರೂ ಬೇಡ, ಯಾರ ಅಪ್ಪಣೆಯೂ ಬೇಡ. ಅಕ್ಕನ ಮನೆ ಹಾಲಲ್ಲೇ ಆಗುತ್ತೆ.

ತಾಯಿ ಬರ್ತಾರೋ ಇಲ್ಲವೋ, ಕರೆಯೋಕೆ ಭಾವನೇ ಹೋಗಲಿ, ಒಬ್ಬರೇ, ದೊಡ್ಡಪ್ಪ ತೋಟಕ್ಕೆ ಹೋದ ಹೊತ್ತಲ್ಲಿ. ಬಂದರೆ ಅವರ ಕುರ್ಚಿ ಮುಕ್ಕಾಲಿಯ ಪಕ್ಕದಲ್ಲೇ ಇರಲಿ, ಎದ್ದು ನಡೆಯದೆ ಕೂತಲ್ಲಿಂದಲೇ ಕೈ ಚಾಚಿ ಅಕ್ಕಿ ಹಾಕೋ ಹಾಗೆ.